ಗರಿ ಕಿರೀಟದ ದೊರೆ ಮತ್ತು ಮೊದಲ ವೀಳ್ಯ

ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿ, ಜಾಲಿಮುಳ್ಳಿನ ನಡುವೆ ಸ್ವಲ್ಪ ದೂರ ನಡೆದರೆ ಹಲಗೆಬಂಡೆ ಎಂಬ ಊರು ಸಿಗುತ್ತಿತ್ತು. ಊರ ಹಿಂದೆ ಒಂದು ಬೋಳುಗುಡ್ಡ, ಗುಡ್ಡದ ನೆತ್ತಿಯಲ್ಲಿ ಬಿದ್ದುಹೋದ ಕೋಟೆಯ ಮೊಂಡುಗೋಡೆ. ಆ ಗೋಡೆಯಲ್ಲಿ ಹಲ್ಲಿ, ಚೇಳು ಬಿಟ್ಟರೆ ಬೇರೆ ಯಾರೂ ವಾಸವಿರಲಿಲ್ಲ. ಆದರೂ ಅದನ್ನು ತೋರಿಸಿ "ಇದು ನಮ್ಮದು" ಎನ್ನುವ ಮನೆಗಳು ಊರಲ್ಲಿ ಎರಡಿದ್ದವು. ಒಂದು ಓಬಳಯ್ಯನ ಮನೆ, ಇನ್ನೊಂದು ಕದರಪ್ಪನ ಮನೆ. ಇಬ್ಬರದೂ ಒಂದೇ ಕುಲ, ಒಂದೇ ಮನೆದೇವರು, ಒಂದೇ ಬಾವಿಯ ನೀರು. ಜಗಳವಾಡುವುದಕ್ಕೆ ಇದಕ್ಕಿಂತ ಅನುಕೂಲ ಇನ್ನೇನು ಬೇಕು?

ಓಬಳಯ್ಯನ ಆಸ್ತಿಯೆಂದರೆ ಮಳೆ ನಂಬಿದ ಒಂದಿಷ್ಟು ಖುಷ್ಕಿ ಹೊಲ, ಹಟ್ಟಿಯಲ್ಲಿ ಕೆಲವು ಕುರಿ, ಮತ್ತು ಮೀಸೆ. ಇವುಗಳಲ್ಲಿ ಹೆಚ್ಚು ಆರೈಕೆ ಕಂಡದ್ದು ಮೀಸೆಯೇ. ತನ್ನ ಪೂರ್ವಿಕರು ಪಾಳೆಯಗಾರರು ಎಂದು ಅವನು ನಂಬಿದ್ದ. ಪಾಳೆಯಗಾರರ ಸಂತತಿ ಕುರಿ ಕಾಯಬಾರದು ಎಂಬುದೂ ಅವನ ನಂಬಿಕೆಯಾಗಿದ್ದರಿಂದ ಕುರಿಗಳನ್ನು ಅವನ ಹೆಂಡತಿ ಜಯಕ್ಕ ಕಾಯುತ್ತಿದ್ದಳು. ಮನೆಯ ಹೊಟ್ಟೆ ತುಂಬುತ್ತಿದ್ದುದು ಅವಳ ಕುರಿಯಿಂದ, ಮನೆಯ ಮರ್ಯಾದೆ ಉಳಿಯುತ್ತಿದ್ದುದು ಇವನ ಮೀಸೆಯಿಂದ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಜಯಕ್ಕ ಇದನ್ನು ಕೇಳುತ್ತ ನಿಲ್ಲುತ್ತಿರಲಿಲ್ಲ. ಅವಳಿಗೆ ಕೆಲಸವಿತ್ತು.

ಮೊದಲ ವೀಳ್ಯದ ಸಂಗತಿಯನ್ನು ಈಗಿನವರಿಗೆ ಬಿಡಿಸಿ ಹೇಳಬೇಕು. ಊರಲ್ಲಿ ಮದುವೆಯಾಗಲಿ, ಪಂಚಾಯ್ತಿಯಾಗಲಿ, ಜನ ಸೇರಿದ ಕಡೆ ಎಲೆಅಡಿಕೆ ತಟ್ಟೆ ಹೊರಗೆ ಬಂತೆಂದರೆ ಮೊದಲ ಎರಡು ಎಲೆ, ಒಂದು ಅಡಿಕೆ ಇಂಥ ಮನೆಯವರಿಗೇ ಸಲ್ಲಬೇಕು ಎಂದು ಕಟ್ಟಳೆ. ಊರಿಗೆ ಯಾರು ಮೊದಲು ಬಂದು ನೆಲೆನಿಂತರೋ ಅವರ ಮನೆಗೆ ಅದು. ಎಲೆ ಬಾಡಿದ್ದರೂ ಸರಿ, ಅಡಿಕೆ ಹುಳ ಹಿಡಿದಿದ್ದರೂ ಸರಿ, ಮೊದಲು ಬರಬೇಕು ಅಷ್ಟೆ. ಇದಕ್ಕಾಗಿ ಆ ಸೀಮೆಯಲ್ಲಿ ತಲೆಗಳು ಒಡೆದಿವೆ, ಕೋರ್ಟು ಕಟ್ಟೆ ಹತ್ತಿದವರಿದ್ದಾರೆ, ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಹಲಗೆಬಂಡೆಯಲ್ಲಿ ಈ ವೀಳ್ಯ ಕದರಪ್ಪನ ಮನೆಗೆ ಹೋಗುತ್ತಿತ್ತು. ಹೋಗುವುದಾದರೆ ಹೋಗಲಿ, ಬೇರೆಯವರ ಮನೆ ಮದುವೆಯಲ್ಲಿ ಓಬಳಯ್ಯ ಆ ಹೊತ್ತಿಗೆ ಸರಿಯಾಗಿ ಎದ್ದು ಹೊರಗೆ ಹೋಗಿ ನಿಲ್ಲಬಹುದಿತ್ತು, ನಿಲ್ಲುತ್ತಲೂ ಇದ್ದ. ಆದರೆ ಸ್ವಂತ ಮನೆಯ ಮದುವೆಯಲ್ಲಿ ಯಜಮಾನನೇ ಎದ್ದು ನಿಂತು, ಕೈಯಾರೆ ಮೊದಲ ವೀಳ್ಯ ಕೊಡಬೇಕು. ಓಬಳಯ್ಯನ ಅಪ್ಪ ಪಾಲಪ್ಪನಿಗೆ ಈ ಗತಿ ಬಂದಿತ್ತು. ಮಗಳ ಮದುವೆಯ ಚಪ್ಪರದಲ್ಲಿ, ಬೀಗರೆಲ್ಲ ನೋಡುತ್ತಿರುವಾಗ, ಕದರಪ್ಪನ ಅಪ್ಪನ ಮುಂದೆ ತಟ್ಟೆ ಹಿಡಿದು ನಿಂತವನಿಗೆ ಕೈ ನಡುಗಿ ತಟ್ಟೆ ಜಾರಿ ಎಲೆಅಡಿಕೆಯೆಲ್ಲ ನೆಲದ ಪಾಲಾಯಿತು. ಜನ ನಕ್ಕರು. ಅವತ್ತಿನಿಂದ ಸಾಯುವತನಕ ಪಾಲಪ್ಪ ಯಾರ ಮದುವೆಗೂ ಹೋಗಲಿಲ್ಲ, ಎಲೆಅಡಿಕೆ ಬಾಯಿಗೆ ಹಾಕಲಿಲ್ಲ. ಆಗ ಚಪ್ಪರದಲ್ಲಿದ್ದ ಓಬಳಯ್ಯ ನೆಲದ ಮೇಲೆ ಬಿದ್ದ ಅಡಿಕೆಗಳನ್ನು ಆಯ್ದಿದ್ದ. ಅದನ್ನು ಅವನು ಮರೆಯಲಿಲ್ಲ.

ಈಗ ಅವನ ಮಗಳು ಕಾಟಮ್ಮನಿಗೆ ಕೊರಟಗೆರೆ ಕಡೆಯಿಂದ ಗಂಡು ಗೊತ್ತಾಗಿತ್ತು. ಒಳ್ಳೆಯ ಮನೆ, ಮಾತು ಕಡಿಮೆ, ಊಟ ಜಾಸ್ತಿ. ಅಂಥವರ ಮುಂದೆ ಓಬಳಯ್ಯನಿಗೆ ಮಾತು ಹೆಚ್ಚಾಯಿತು. "ನಮ್ದು ಪಾಳೇಗಾರ್ರ ಮನೆ ಬೀಗ್ರೇ, ನಮ್ಮೂರಲ್ಲಿ ಮೊದಲ ವೀಳ್ಯ ನಮ್ದೇ" ಎಂದುಬಿಟ್ಟ. ಅಂದಮೇಲೆ ಅವನಿಗೆ ನೆನಪಾಯಿತು. ಮದುವೆಯ ದಿನ ಅದೇ ಬೀಗರ ಎದುರಿಗೆ, ತಾನೇ ಎದ್ದು, ಕೈಯಾರೆ, ಕದರಪ್ಪನಿಗೆ ಕೊಡಬೇಕಲ್ಲ!

"ಅಂಗ್ಯಾಕಂದೆ?" ಎಂದಳು ಜಯಕ್ಕ.

"ಬಂದ್ಬುಡ್ತು ಬಾಯಿಗೆ."

"ಬಾಯಿಗೆ ಬಂದಿದ್ದು ಮೀಸೆತಾವ ನಿಲ್ಬಾರ್ದಾಗಿತ್ತಾ? ಅಷ್ಟು ದಪ್ಪ ಬಿಟ್ಟಿದೀಯ."

ಅದು ಮಹಾರಾಜರ ಆಳ್ವಿಕೆಯ ರಜತೋತ್ಸವ ನಡೆದ ವರ್ಷ. ಮಧುಗಿರಿಯ ಹೊರಗಿನ ಬಂಗಲೆಯಲ್ಲಿ ಕಲ್ಲು ಮಣ್ಣು ಪರೀಕ್ಷೆ ಮಾಡಿಕೊಂಡಿದ್ದ ಒಬ್ಬ ಬಿಳಿ ದೊರೆ, ಇಲ್ಲಿ ಕಲ್ಲು ಮಣ್ಣು ಬಿಟ್ಟು ಬೇರೇನೂ ಇಲ್ಲವೆಂದು ಖಾತ್ರಿಯಾಗಿ ತನ್ನ ದೇಶಕ್ಕೆ ಹೊರಟಿದ್ದ. ಅವನ ಸಾಮಾನು ಹರಾಜಿಗೆ ಬಂತು. ಅಳಿಯನನ್ನು ಕೂರಿಸಲು ಒಂದು ಕುರ್ಚಿ ತರೋಣವೆಂದು ಓಬಳಯ್ಯ ಹೋದ. ಕುರ್ಚಿ ಸಿಕ್ಕಿತು. ಆದರೆ ಹರಾಜು ಕೂಗುವವನು ಕುರ್ಚಿಯ ಜೊತೆಗೆ ಚೌಕಟ್ಟು ಹಾಕಿದ ಒಂದು ದೊಡ್ಡ ಪಟವನ್ನೂ ಗಂಟುಹಾಕಿದ. ಬೇಡವೆಂದರೂ ಬಿಡಲಿಲ್ಲ, ಅದನ್ನು ಯಾರೂ ಕೇಳಿರಲಿಲ್ಲ. ಹೀಗೆ ಓಬಳಯ್ಯ ಒಂದು ಕುರ್ಚಿ, ಒಂದು ಪಟ ಗಾಡಿಗೆ ಹಾಕಿಸಿಕೊಂಡು ಊರಿಗೆ ಬಂದ. ಕುರ್ಚಿಗೆ ಒಂದು ಕಾಲು ಗಿಡ್ಡ ಎಂದು ಮನೆಗೆ ಬಂದಮೇಲೆ ಗೊತ್ತಾಯಿತು.

ಪಟವನ್ನು ಗೋಡೆಗೆ ಒರಗಿಸಿ ಸುಮ್ಮನೆ ಕೂತು ನೋಡಿದವನಿಗೆ ಮೈ ಜುಮ್ಮೆಂದಿತು. ಅದು ಒಂದು ನಕಾಶೆ. ನಕಾಶೆ ಎಂದರೆ ಏನೆಂದು ಓಬಳಯ್ಯನಿಗೆ ಗೊತ್ತಿತ್ತು. ಶಾನುಭೋಗರ ಮನೆಯಲ್ಲಿ ಊರ ನಕಾಶೆಯನ್ನು ಅವನು ಎಷ್ಟೋ ಸಲ ನೋಡಿದ್ದ. ಅದರಲ್ಲಿ ಖುಷ್ಕಿಯ ನೆಲವೆಲ್ಲ ಬರಿಯ ಕಾಗದ. ಕೆರೆ ಇದ್ದ ಕಡೆ ಮಾತ್ರ ಬಣ್ಣ ತುಂಬಿ, ಏರಿಯ ಗೆರೆ ಎಳೆದಿರುತ್ತಾರೆ. ಈ ಪಟದಲ್ಲೂ ಹಾಗೆಯೇ. ಕಾಗದ ಹಳೆಯದಾಗಿ ನಮ್ಮ ಹುರುಳಿ ಹೊಲದ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಆ ವಿಸ್ತಾರದ ನಡುನಡುವೆ ಅಲ್ಲೊಂದು ಇಲ್ಲೊಂದು ಹಸಿರು ಬಣ್ಣದ ಪುಟ್ಟ ಪುಟ್ಟ ಆಕಾರ, ಒಂದೊಂದರ ಅಂಚಿಗೂ ಏರಿಯಂತೆ ಗೀರು ಗೀರು. ಕೆರೆಗಳು! ಎಣಿಸಲಾರದಷ್ಟು ಕೆರೆಗಳು. ಅವುಗಳ ನಡುವೆ ಮೂಲೆಯಿಂದ ಮೂಲೆಗೆ ಎಳೆದ ನೆಟ್ಟನೆ ಗೆರೆಗಳು ಕಾಲುವೆಗಳಲ್ಲದೆ ಇನ್ನೇನು? ಒಂದು ಕಡೆ ದಳ ದಳವಾದ ಚಕ್ರ, ಅದು ಯಂತ್ರ. ಅಲ್ಲಲ್ಲಿ ಬಾಯಿ ತೆರೆದ ಮಕರ, ದೇವಸ್ಥಾನದ ಬಾಗಿಲ ಮೇಲೆ ಇರುವಂಥದೇ. ಬಿಳಿಬಟ್ಟೆ ಉಬ್ಬಿಸಿ ನಿಂತ ಡೇರೆಗಳು, ಅದು ದಂಡು. ಇಷ್ಟೆಲ್ಲ ಇದ್ದಮೇಲೆ ಇದು ಪಾಳೆಯಗಾರರ ಸೀಮೆಯ ನಕಾಶೆಯಲ್ಲದೆ ಮತ್ತೇನಾಗಲು ಸಾಧ್ಯ?

ಕೆಳಗಿನ ಮೂಲೆಯಲ್ಲಿದ್ದ ಚಿತ್ರವಂತೂ ಅವನ ಎದೆ ಉಬ್ಬಿಸಿತು. ಹೂಬಳ್ಳಿಯ ಕಮಾನಿನೊಳಗೆ ಇಬ್ಬರು ನಿಂತಿದ್ದರು. ಒಬ್ಬ ಬರಿಮೈಯವನು, ತಲೆಗೆ ಗರಿ ಸಿಕ್ಕಿಸಿದ ಕಿರೀಟ, ಬೆನ್ನಿಗೆ ಬಿಲ್ಲು. ಇನ್ನೊಬ್ಬ ಕೋಟು ತೊಟ್ಟ ಬಿಳಿಯ, ತಲೆಗೆ ಟೋಪಿ, ಒಂದು ಕೈಯಲ್ಲಿ ಬಾವುಟ. ಇಬ್ಬರ ನಡುವೆ ಒಂದು ಹಣ್ಣಿನ ಬುಟ್ಟಿ, ಇಬ್ಬರ ಕೈಯೂ ಅದರ ಮೇಲಿತ್ತು.

"ಇವ್ರೇ ಕಣೇ ನಮ್ಮ ಹಿರೀಕ್ರು!" ಎಂದ ಓಬಳಯ್ಯ, ಗರಿ ಕಿರೀಟದವನನ್ನು ತೋರಿಸಿ. "ದಾಳಿಂಬೆ ಬುಟ್ಟಿ ತಂದು ಕಾಣಿಕೆ ಕೊಡ್ತಾವ್ನೆ ನೋಡು ಪರಂಗಿಯೋನು."

ಜಯಕ್ಕ ಹತ್ತಿರ ಬಂದು ನೋಡಿದಳು. "ನಿಮ್ಮ ಹಿರೀಕ್ರಿಗೆ ಮೀಸೆ ಇಲ್ವಲ್ಲ" ಎಂದು ಕುರಿಹಟ್ಟಿಗೆ ಹೋದಳು.

ಸುದ್ದಿ ಊರೆಲ್ಲ ಹಬ್ಬಿತು. ಜನ ಬಂದರು, ನೋಡಿದರು, ಬೆರಳಿಟ್ಟು ತೋರಿಸಿದರು. "ಇದು ಶಿರಾ ದೊಡ್ಡಕೆರೆ" ಎಂದರು. "ಇದು ತಾವರೆಕೆರೆ" ಎಂದರು. ಒಂದು ಕಡೆ ಅಂಗೈಯಗಲ ಜಾಗದಲ್ಲಿ ಯಾವ ಕೆರೆಯೂ ಇರಲಿಲ್ಲ; ಅದು ಬುಕ್ಕಾಪಟ್ಟಣದ ಕಾಡು, ಅಲ್ಲಿ ಜಿಂಕೆ ಬಿಟ್ಟರೆ ಏನಿದೆ ಎಂದು ಸಮಾಧಾನ ಹೇಳಿಕೊಂಡರು. ಇಷ್ಟೊಂದು ಕೆರೆ ಈಗ ಎಲ್ಲಿ ಹೋದವು ಎಂದು ಒಬ್ಬ ಕೇಳಿದ. ಹೂಳು ತುಂಬಿಹೋದವು ಎಂದು ಓಬಳಯ್ಯ ಹೇಳಿದ. ಆ ಸೀಮೆಯವರಿಗೆ ಇದರಲ್ಲಿ ಸಂಶಯ ಬರುವಂಥದ್ದು ಏನೂ ಇರಲಿಲ್ಲ.

ಕದರಪ್ಪನೂ ಬಂದ. ಕುಳ್ಳಗಿನ, ಬೊಜ್ಜಿನ, ನಗುಮುಖದ ಆಸಾಮಿ. ನಗು ಓಬಳಯ್ಯನನ್ನು ಕಂಡಾಗ ಮಾತ್ರ ಮಾಯವಾಗುತ್ತಿತ್ತು. ಬಹಳ ಹೊತ್ತು ನೋಡಿ ಅವನೂ ಒಪ್ಪಿದ. ಇದು ಪಾಳೆಯಗಾರರ ನಕಾಶೆಯೇ ಸೈ, ಕೆರೆಗಳೂ ಸೈ, ದಂಡೂ ಸೈ. ಆದರೆ ಗರಿ ಕಿರೀಟದವನು ತನ್ನ ಮುತ್ತಾತ.

"ಮೂಗು ನೋಡ್ಲಾ, ನಮ್ಮ ಮನೆ ಮೂಗು" ಎಂದ.

"ನಿಮ್ಮ ಮನೆ ಮೂಗು ಅಷ್ಟು ನೆಟ್ಟಗೆ ಯಾವಾಗಿತ್ತು?"

ಮೂಗಿನಿಂದ ಮಾತು ಬುಟ್ಟಿಗೆ ಬಂತು. ಬುಟ್ಟಿ ಕೊಡುತ್ತಿರುವವನು ಯಾರು, ಇಸಿದುಕೊಳ್ಳುತ್ತಿರುವವನು ಯಾರು? ಇಬ್ಬರ ಕೈಯೂ ಬುಟ್ಟಿಯ ಮೇಲೆ ಇದ್ದುದರಿಂದ ಹೇಳುವುದು ಕಷ್ಟವಾಗಿತ್ತು. ಪರಂಗಿಯವನು ಕೊಡುತ್ತಿದ್ದರೆ ಗರಿ ಕಿರೀಟದವನು ದೊಡ್ಡವನು, ಮೊದಲ ಮರ್ಯಾದೆ ಅವನದು. ಹಾಗಿದ್ದಾಗ ಅವನು ತನ್ನ ಮುತ್ತಾತ ಎಂದು ಇಬ್ಬರೂ ಹೇಳುತ್ತಿದ್ದರು. ಗರಿ ಕಿರೀಟದವನೇ ಕೊಡುತ್ತಿದ್ದರೆ ಮಾನ ಹೋಯಿತು. ಹಾಗಿದ್ದಾಗ ಅವನು ಇನ್ನೊಬ್ಬನ ಮುತ್ತಾತ ಎಂದೂ ಇಬ್ಬರೂ ಹೇಳುತ್ತಿದ್ದರು.

ಊರಿನ ಶಾನುಭೋಗರು ಚಂದ್ರಶೇಖರಯ್ಯನವರು. ಲೆಕ್ಕ ಬರೆಯಲೆಂದು ಇವರ ತಾತ ಪಟ್ಟನಾಯಕನಹಳ್ಳಿ ಕಡೆಯಿಂದ ಬಂದವರು. ಬಂದವರು ಹಾಗೇ ಉಳಿದರು. ಮೈಗೆ ಮಣ್ಣು ಹತ್ತದ, ಮಾತಿಗೆ ಸಿಕ್ಕದ ಮನುಷ್ಯ. ಈ ನಕಾಶೆಯಲ್ಲಿರುವುದು ಕೆರೆಯಲ್ಲವೇನೋ ಎಂದು ಅವರಿಗೆ ಅನುಮಾನ ಬಂದಿತ್ತು. ಆದರೆ ಯಾರೂ ಅವರನ್ನು ಕೇಳಲಿಲ್ಲ, ಕೇಳದಿದ್ದಾಗ ಹೇಳುವ ಅಭ್ಯಾಸ ಅವರ ವಂಶದಲ್ಲಿರಲಿಲ್ಲ. "ತಾಲ್ಲೂಕಿನ ಅಮಲ್ದಾರ್ರು ಕಂದಾಯದ ಲೆಕ್ಕ ನೋಡೋಕೆ, ಜಮಾಬಂದಿಗೆ ಬರ್ತಾ ಇದ್ದಾರೆ. ಅವರ ಮುಂದೆ ಇಡಿ. ಓದಿದವರು, ತೀರ್ಮಾನ ಮಾಡ್ತಾರೆ" ಎಂದು ಇಬ್ಬರಿಗೂ ಸಲಹೆ ಕೊಟ್ಟರು. ಇಬ್ಬರೂ ಒಪ್ಪಿದರು. ಮದುವೆಗೆ ಮುಂಚೆಯೇ ತೀರ್ಮಾನವಾದರೆ ಓಬಳಯ್ಯನಿಗೆ ಅದಕ್ಕಿಂತ ಇನ್ನೇನು ಬೇಕಿತ್ತು?

ಅಮಲ್ದಾರ್ ಬಸವಲಿಂಗಯ್ಯನವರು ಬಂದರು. ಮಾವಿನ ತೋಪಿನಲ್ಲಿ ಬಿಳಿ ಡೇರೆ ಎದ್ದಿತು, ಡೇರೆಯ ನೆತ್ತಿಗೆ ಒಂದು ಪುಟ್ಟ ಬಾವುಟ. ಊರಿನವರು ಹಾಲು, ತುಪ್ಪ, ಹಣ್ಣು, ತರಕಾರಿ ಹೊತ್ತು ತಂದು ಸಾಲಾಗಿ ನಿಂತರು. ಅವರು ಬೇಡ ಬೇಡ ಎನ್ನುತ್ತಲೇ ಎಲ್ಲವನ್ನೂ ಒಳಗೆ ಇರಿಸಿಕೊಂಡರು. ಓಬಳಯ್ಯ ತನ್ನ ಬಾವಿಯ ಪಕ್ಕದ ಗಿಡದಲ್ಲಿ ಬಿಟ್ಟ ದಾಳಿಂಬೆಯನ್ನೆಲ್ಲ ಕಿತ್ತು ಒಂದು ಬುಟ್ಟಿ ಮಾಡಿ ತಂದಿದ್ದ. ಟೋಪಿ ಹಾಕಿ, ಕೋಟು ತೊಟ್ಟು ಡೇರೆಯ ಮುಂದೆ ನಿಂತಿದ್ದ ಅಮಲ್ದಾರರ ಕೈಗೆ ಅದನ್ನು ಒಪ್ಪಿಸಿ ಅಡ್ಡಬಿದ್ದ. ಜಯಕ್ಕ ಸ್ವಲ್ಪ ದೂರದಲ್ಲಿ, ಹೆಂಗಸರ ಗುಂಪಿನಲ್ಲಿ ನಿಂತು ನೋಡುತ್ತಿದ್ದಳು. ನೋಡುತ್ತಿದ್ದವಳು ಸೆರಗು ಬಾಯಿಗೆ ಒತ್ತಿಕೊಂಡಳು. ನಕ್ಕಳೋ ಅತ್ತಳೋ ಪಕ್ಕದವರಿಗೆ ತಿಳಿಯಲಿಲ್ಲ.

ಪಟವನ್ನು ಗಾಡಿಯಿಂದ ಇಳಿಸುವಾಗ ಗಾಜು ಒಡೆದು ಚೂರಾಯಿತು. ಅಮಲ್ದಾರರು ಪಟ ನೋಡಿದ್ದೇ ತಡ, ಜಮಾಬಂದಿಯನ್ನು ಮರೆತರು. ಬೆಂಗಳೂರಿನ ಕಾಲೇಜಿನಲ್ಲಿ ಓದಿದ್ದೆಲ್ಲ ಅವರೊಳಗೆ ಇಷ್ಟು ವರ್ಷ ದಾರಿ ಕಾಯುತ್ತ ಕೂತಿತ್ತು. ಆ ತಾಲ್ಲೂಕಿನಲ್ಲಿ ಅದನ್ನು ಕೇಳುವವರೇ ಸಿಕ್ಕಿರಲಿಲ್ಲ.

"ಎಲಾ! ಇದು ಪೆಸಿಫಿಕ್ ಮಹಾಸಾಗರ ಕಣಯ್ಯ!" ಎಂದರು.

"ಯಾವ ಹೋಬ್ಳಿ ಬುದ್ಧಿ?" ಎಂದ ಕದರಪ್ಪ.

"ಹೋಬಳಿಯಲ್ಲಯ್ಯ, ಸಮುದ್ರ. ಇದೆಲ್ಲ ನೀರು."

"ಎಲ್ಲೈತೆ ಬುದ್ಧಿ ನೀರು?"

"ನೀವು ಹೊಲ ಅಂತೀರಲ್ಲ, ಅದಷ್ಟೂ ನೀರು. ನೀವು ಕೆರೆ ಅಂತೀರಲ್ಲ, ಅದು ನೆಲ. ದ್ವೀಪಗಳು."

ಗುಂಪು ಪಟದ ಹತ್ತಿರಕ್ಕೆ ನುಗ್ಗಿತು. ಪಟದ ತುಂಬ, ಅಂಚಿನಿಂದ ಅಂಚಿನವರೆಗೆ, ನೀರು! ಇಷ್ಟು ನೀರನ್ನು ಒಂದೇ ಕಡೆ ಸುರಿದು, ಪಾವಗಡದ ದಾರಿಗೆ ಒಂದು ಬೊಗಸೆಯನ್ನೂ ಕಳಿಸದೆ ಇದ್ದವನ ಮೇಲೆ ಹಲಗೆಬಂಡೆಯವರಿಗೆ ನಿಜವಾಗಿ ಸಿಟ್ಟು ಬಂತು. ಅದು ಉಪ್ಪುನೀರು, ಕುಡಿಯಲು ಬಾರದು ಎಂದು ಅಮಲ್ದಾರರು ಹೇಳಿದಮೇಲೆ ಎಲ್ಲರಿಗೂ ನೆಮ್ಮದಿಯಾಯಿತು.

ಅಮಲ್ದಾರರು ಕುರ್ಚಿ ತರಿಸಿ ಕೂತು ಕಥೆ ಶುರುಮಾಡಿದರು. ಈ ಡೇರೆಗಳು ಡೇರೆಗಳಲ್ಲ, ಹಾಯಿ ಕಟ್ಟಿದ ಹಡಗುಗಳು. ಯಂತ್ರವೆಂದದ್ದು ದಿಕ್ಕು ತೋರಿಸುವ ಚಕ್ರ, ಕಾಲುವೆಯೆಂದದ್ದು ಆ ದಿಕ್ಕಿನ ಗೆರೆ, ಮಕರವೆಂದದ್ದು ಕಡಲ ಪ್ರಾಣಿ. ಯೂರೋಪಿನ ಕಪ್ತಾನರು ವರ್ಷಗಟ್ಟಲೆ ನೀರಿನ ಮೇಲೆ ತೇಲಿ, ಹುಳುಬಿದ್ದ ರೊಟ್ಟಿ ತಿಂದು, ಒಸಡು ಕೊಳೆತು, ಅರ್ಧ ಜನ ಸತ್ತು, ಕೊನೆಗೆ ಒಂದು ದ್ವೀಪ ಕಾಣುತ್ತಿದ್ದರು. ಕಂಡಕೂಡಲೇ ಇಳಿದು ಬಾವುಟ ನೆಟ್ಟು, ಅದಕ್ಕೆ ತಮ್ಮ ರಾಜನ ಹೆಸರೋ, ರಾಣಿಯ ಹೆಸರೋ, ಅವತ್ತು ಯಾವ ಹಬ್ಬವೋ ಆ ಹಬ್ಬದ ಹೆಸರೋ ಇಟ್ಟು, ನಕಾಶೆಯಲ್ಲಿ ಬರೆದುಕೊಂಡು ಮುಂದೆ ಹೋಗುತ್ತಿದ್ದರು. ಹೀಗೆ ಅವರು ಆ ದ್ವೀಪಗಳನ್ನು ಕಂಡುಹಿಡಿದರು.

"ಅಲ್ಲಿ ಜನ ಇರ್ಲಿಲ್ವಾ ಬುದ್ಧಿ?" ಎಂದ ಓಬಳಯ್ಯ.

"ಇದ್ದರು. ಎಷ್ಟೋ ಕಾಲದಿಂದ ಇದ್ದರು. ದೋಣಿಯಲ್ಲಿ ದ್ವೀಪದಿಂದ ದ್ವೀಪಕ್ಕೆ ಓಡಾಡಿಕೊಂಡೇ ಇದ್ದರು."

"ಅವ್ರ ಊರಿಗೆ ಹೆಸ್ರು ಇರ್ಲಿಲ್ವಾ?"

"ಇತ್ತಪ್ಪ."

"ಮತ್ತೆ ಇವ್ನು ಯಾಕೆ ಇನ್ನೊಂದು ಇಟ್ಟ?"

"ಅವರ ಹೆಸರು ನಕಾಶೆಯಲ್ಲಿ ಇರಲಿಲ್ಲವಲ್ಲ!" ಎಂದರು ಅಮಲ್ದಾರರು, ಇಷ್ಟು ಸುಲಭದ ಮಾತು ತಿಳಿಯುವುದಿಲ್ಲವೇ ಎನ್ನುವ ಹಾಗೆ.

ಆ ಜನರಿಗೆ ಕಬ್ಬಿಣ ಗೊತ್ತಿರಲಿಲ್ಲವಂತೆ. ಒಂದು ಮೊಳೆ ಕೊಟ್ಟರೆ ಒಂದು ಹಂದಿ ಕೊಡುತ್ತಿದ್ದರಂತೆ. ಹಡಗಿನವರು ಮೊಳೆಯ ಆಸೆ ತೋರಿಸಿ ತೋರಿಸಿ, ಕೊನೆಗೆ ಹಡಗಿನ ಹಲಗೆಯ ಮೊಳೆಯನ್ನೇ ಕೀಳತೊಡಗಿದ್ದರಂತೆ. ಇದನ್ನು ಕೇಳಿ ಊರಿನ ಕಮ್ಮಾರ ದೊಡ್ಡದೊಂದು ನಿಟ್ಟುಸಿರು ಬಿಟ್ಟ. ತಾನು ಹುಟ್ಟಬೇಕಾದ ಊರು ಯಾವುದೆಂದು ಅವನಿಗೆ ತಡವಾಗಿ ತಿಳಿದಿತ್ತು.

"ಆ ಬುಟ್ಟಿ ಬುದ್ಧಿ?" ಓಬಳಯ್ಯ ಕೇಳಿದ. "ಆ ಬುಟ್ಟಿ ಕೊಡ್ತಿರೋನು ಯಾರು?"

ಅಮಲ್ದಾರರು ಕನ್ನಡಕ ಏರಿಸಿ ಬಗ್ಗಿ ನೋಡಿದರು. "ಗರಿ ಕಿರೀಟದವನು. ಆ ದ್ವೀಪದ ದೊರೆ ಅವನು. ಕಪ್ತಾನನಿಗೆ ಹಣ್ಣು ಕೊಟ್ಟು ಸ್ವಾಗತ ಮಾಡುತ್ತಿದ್ದಾನೆ."

ಅಲ್ಲಿಗೆ ಮುತ್ತಾತ ಅನಾಥನಾದ. ಅವನು ನಮ್ಮ ಮನೆಯವನು ಎನ್ನುವವರು ಆ ಗುಂಪಿನಲ್ಲಿ ಯಾರೂ ಉಳಿಯಲಿಲ್ಲ. ಕದರಪ್ಪ ಆಕಾಶ ನೋಡಿದ, ಓಬಳಯ್ಯ ನೆಲ ನೋಡಿದ.

ಆದರೆ ತೀರ್ಮಾನ ಆಗಲೇಬೇಕಿತ್ತು. ಕಪ್ತಾನರ ಗುಂಗಿನಲ್ಲೇ ಇದ್ದ ಅಮಲ್ದಾರರಿಗೆ ತೀರ್ಮಾನ ಥಟ್ಟನೆ ಹೊಳೆಯಿತು. ಲೋಕದಲ್ಲೆಲ್ಲ ಒಪ್ಪಿರುವ ನ್ಯಾಯವೇನು? ಮೊದಲು ಇದ್ದವನು ಮೊದಲಿಗನಲ್ಲ, ಮೊದಲು ಬರೆದವನು ಮೊದಲಿಗ. ಓಬಳಯ್ಯನ ಮನೆಯವರಾಗಲಿ ಕದರಪ್ಪನ ಮನೆಯವರಾಗಲಿ ಈ ಊರನ್ನು ಎಲ್ಲಾದರೂ ಬರೆದಿದ್ದಾರೆಯೇ? ಇಲ್ಲ. ಹಲಗೆಬಂಡೆ ಎಂಬ ಹೆಸರನ್ನು ಸರ್ಕಾರಿ ಕಾಗದದ ಮೇಲೆ ಮೊಟ್ಟಮೊದಲು ಬರೆದವರು ಯಾರು?

"ನಮ್ಮ ತಾತ" ಎಂದರು ಶಾನುಭೋಗ ಚಂದ್ರಶೇಖರಯ್ಯನವರು, ಬಹಳ ಮೆಲ್ಲಗೆ.

"ಹಾಗಾದರೆ ಮೊದಲ ವೀಳ್ಯ ಶಾನುಭೋಗರದು. ಎರಡನೆಯದು ನಿಮ್ಮಿಬ್ಬರಿಗೂ ಸಮಪಾಲು" ಎಂದು ಅಮಲ್ದಾರರು ಎದ್ದರು. ಓಬಳಯ್ಯನ ದಾಳಿಂಬೆ ಬಹಳ ಚೆನ್ನಾಗಿದೆ ಎಂದೂ ಹೇಳಿದರು.

ಅವತ್ತಿನಿಂದ ಓಬಳಯ್ಯ ಊಟ ಬಿಟ್ಟ. ಕದರಪ್ಪನಿಗೆ ಕೊಡುವುದನ್ನಾದರೂ ಹೇಗೋ ನುಂಗಿಕೊಳ್ಳಬಹುದಿತ್ತು. ಎಷ್ಟಾದರೂ ಒಂದೇ ಬಾವಿಯ ನೀರು ಕುಡಿದ ವೈರಿ. ನಿನ್ನೆ ಮೊನ್ನೆ ಲೆಕ್ಕ ಬರೆಯಲು ಬಂದವರಿಗೆ, ಗುಡ್ಡದ ಕೋಟೆ ಯಾವ ದಿಕ್ಕಿಗಿದೆಯೆಂದು ತಲೆಯೆತ್ತಿ ನೋಡದವರಿಗೆ, ಕೈಯಾರೆ ಕೊಡಬೇಕೆ? ಚಪ್ಪರಕ್ಕೆ ಗಳ ಹುಗಿಯುತ್ತಿದ್ದರು, ಹಿತ್ತಲಲ್ಲಿ ರಾಗಿ ಬೀಸುತ್ತಿದ್ದರು. ಇವನು ಕುರಿಹಟ್ಟಿಯಲ್ಲಿ ಕಂಬಳಿ ಹೊದ್ದು ಗೋಡೆಗೆ ಮುಖ ಮಾಡಿ ಮಲಗಿದ್ದ. ಅಪ್ಪನ ಕೈಯಿಂದ ಜಾರಿದ ಅಡಿಕೆಗಳು ಉರುಳಿದ ಸದ್ದು ಅವನ ಕಿವಿಯಲ್ಲಿತ್ತು. ನಾಳೆ ತನ್ನ ಕೈಯೂ ನಡುಗುತ್ತದೆ ಎಂದು ಅವನಿಗೆ ಭಯವಾಗಿತ್ತು. ಅದು ನಿಜವಾದ ಭಯ, ಮೀಸೆಗೆ ಮೀರಿದ ಭಯ.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಜಯಕ್ಕ ವೀಳ್ಯದೆಲೆಯ ಕಟ್ಟುಗಳನ್ನು ಅಲ್ಲಿಗೇ ತಂದು, ಕೊಳೆತದ್ದನ್ನು ಬೇರೆ ಮಾಡುತ್ತ ಕೂತಳು.

"ಅಮಲ್ದಾರ್ರು ಬಂದಾಗ ದಾಳಿಂಬೆ ಬುಟ್ಟಿ ಹಿಡ್ಕಂಡು ನಿಂತಿದ್ದೋನು ಯಾರಯ್ಯ?" ಎಂದಳು.

"ನಾನು."

"ಟೋಪಿ ಹಾಕ್ಕಂಡು ಇಸ್ಕಂಡೋರು?"

"ಅವ್ರು. ಅದ್ಯಾಕೀಗ?"

"ಆ ಪಟ ನನ್ ಕಣ್ಣೆದುರಿಗೇ ಎದ್ದು ಬಂದಂಗಾಯ್ತು ಅವತ್ತು. ಹೊಲ ಯಾರ್ದು, ಗಿಡ ಯಾರ್ದು, ಹಣ್ಣು ಯಾರ್ದು? ನಿಂದು. ಅದುಕ್ಕೆ ನೀನು ಕೊಟ್ಟೆ. ಅವ್ರು ಬಂದೋರು, ಅದುಕ್ಕೆ ಇಸ್ಕಂಡ್ರು. ಮನೇಲಿದ್ದೋನು ಕೊಡ್ತಾನೆ, ಮನೆಗೆ ಬಂದೋನು ಇಸ್ಕಂತಾನೆ. ನಿಮ್ಮಪ್ಪ ಕೊಡಾಕೆ ನಿಂತು ಕೈ ನಡುಗಿಸ್ಕಂಡ. ಕದರಪ್ಪನೋರು ಇಸ್ಕಂಡು ಮೆರೆದ್ರು. ಅಪ್ಪನ ಕಾಲದಿಂದ ನಿಮ್ಮೂರಲ್ಲಿ ನೀವೇ ನೆಂಟ್ರಾಗಾಕೆ ಒದ್ದಾಡ್ತಾ ಇದೀರಲ್ಲಯ್ಯ, ನಾಚ್ಕೆ ಆಗಾಕಿಲ್ವಾ?"

ಓಬಳಯ್ಯ ಕಂಬಳಿ ಸರಿಸಿ ಎದ್ದು ಕೂತ. "ಆ ಗರಿ ಕಿರೀಟದೋನೂ ಕೊಟ್ಟ ಕಣೇ. ಕೊಟ್ಟು ಊರು ಕಳ್ಕಂಡ" ಎಂದ.

"ಕೊಟ್ಟಿದ್ದುಕ್ಕಲ್ಲ ಕಳ್ಕಂಡಿದ್ದು. ಇಸ್ಕಂಡೋನು ತಿಂದು ಎದ್ದೋಗ್ಲಿಲ್ಲ, ಅದುಕ್ಕೆ. ಅದು ಇಸ್ಕಂಡೋನ ಮರ್ಯಾದಿ. ಕೊಟ್ಟೋನ ಮರ್ಯಾದಿಗೇನಾಗೈತೆ?" ಎಂದು ಎಲೆಯ ಕಟ್ಟು ಎತ್ತಿಕೊಂಡು, "ಎದ್ದು ಉಣ್ಣು ಬಾ, ಮುದ್ದೆ ಆರ್ತೈತೆ" ಎಂದಳು.

ಅವನು ಎದ್ದು ಉಂಡ.

ಮರುದಿನ ಧಾರೆ ಮುಗಿಯಿತು. ಚಪ್ಪರದ ತುಂಬ ಜನ. ಕೊರಟಗೆರೆ ಬೀಗರು ಒಂದು ಕಡೆ, ಕದರಪ್ಪನ ಮನೆಯವರು ಇನ್ನೊಂದು ಕಡೆ, ನಡುವೆ ಹೊಸ ಪಂಚೆ ಉಟ್ಟು, ಮೊದಲ ಬಾರಿಗೆ ಮುಂದಿನ ಸಾಲಿನಲ್ಲಿ ಚಂದ್ರಶೇಖರಯ್ಯನವರು. ತಟ್ಟೆ ಬಂತು. ಪಾಲಪ್ಪನ ಕಥೆ ಗೊತ್ತಿದ್ದವರೆಲ್ಲ ಓಬಳಯ್ಯನ ಕೈಯನ್ನೇ ನೋಡಿದರು.

ಕೈ ನಡುಗಲಿಲ್ಲ. ಓಬಳಯ್ಯ ಎರಡು ಒಳ್ಳೆಯ ಎಲೆ ಆರಿಸಿ, ತೊಟ್ಟು ಮುರಿದು, ಅಡಿಕೆ ಇಟ್ಟು, ಚಪ್ಪರದ ಕೊನೆಯವನಿಗೂ ಕೇಳುವ ಹಾಗೆ, "ನಮ್ಮೂರಿಗೆ ಬಂದಿದೀರಿ ಸ್ವಾಮಿ, ಬಂದೋರಿಗೆ ಮೊದಲು. ತಗಳಿ" ಎಂದ.

ಶಾನುಭೋಗರು ಚಾಚಿದ ಕೈ ಅಲ್ಲೇ ನಿಂತಿತು. ತಾತನ ಕಾಲದಿಂದ ಇಲ್ಲೇ ಇದ್ದೇವೆ ಎಂದು ಹೇಳೋಣವೆಂದರೆ ವೀಳ್ಯ ಇಸಿದುಕೊಳ್ಳುವ ಹಾಗಿಲ್ಲ. ಇಸಿದುಕೊಂಡರೆ ನಿನ್ನೆ ಬಂದವನೆಂದು ಒಪ್ಪಿದ ಹಾಗೆ. ಅಮಲ್ದಾರರ ಹುಕುಂ ಬೇರೆ ಇದೆ. ಇಸಿದುಕೊಂಡರು. ಬಾಯಿಗೆ ಹಾಕಿಕೊಳ್ಳಲಿಲ್ಲ, ಮಡಿಲಲ್ಲಿ ಇಟ್ಟುಕೊಂಡು ಕೂತರು.

ಬೀಗರಲ್ಲಿ ಹಿರಿಯರು ಮೆಲ್ಲಗೆ ಬಾಗಿ, "ಮೊದಲ ವೀಳ್ಯ ನಿಮ್ದೇ ಅಂದಿದ್ರಿ ಬೀಗ್ರೇ?" ಎಂದರು.

"ನಮ್ದೇ. ಅದುಕ್ಕೇ ನಾವು ಕೊಡ್ತಾ ಇರೋದು" ಎಂದ ಓಬಳಯ್ಯ.

ಕದರಪ್ಪನ ತಲೆಗೆ ಇದು ಹೊಗಲು ಒಂದು ಗಳಿಗೆ ಹಿಡಿಯಿತು. ಹೊಕ್ಕಾಗ ಅವನು ತೊಡೆ ತಟ್ಟಿ, ರುಮಾಲು ಜಾರಿ ಬೀಳುವ ಹಾಗೆ ನಕ್ಕ. ಅಷ್ಟರಲ್ಲಿ ಓಬಳಯ್ಯ ಎರಡನೆಯ ವೀಳ್ಯ ಹಿಡಿದು ಅವನ ಮುಂದೆ ಬಂದಿದ್ದ. ಕದರಪ್ಪನ ನಗು ನಿಂತುಹೋಯಿತು. ಎಂದೂ ಹಿಂದೆಗೆಯದ ಕೈಯನ್ನು ಅವನು ಬೆನ್ನ ಹಿಂದೆ ಕಟ್ಟಿಕೊಂಡ.

"ನನಗ್ಯಾಕ್ಲಾ? ನಾನೇನು ಎಲ್ಲಿಂದಾನ ಬಂದಿದೀನಾ? ಇಲ್ಲೇ ಹುಟ್ಟಿ ಇಲ್ಲೇ ಬೆಳ್ದೋನು. ತತ್ತಾ ಇತ್ಲಾಗೆ ಒಂದು ತಟ್ಟೆ!" ಎಂದು ಒಳಗಿನಿಂದ ಇನ್ನೊಂದು ತಟ್ಟೆ ತರಿಸಿಕೊಂಡು, ಬೀಗರ ಸಾಲಿಗೆ ತಾನೇ ಹಂಚಲು ಹೊರಟ. ಒಂದು ಕಡೆಯಿಂದ ಓಬಳಯ್ಯ, ಇನ್ನೊಂದು ಕಡೆಯಿಂದ ಕದರಪ್ಪ. ಅವತ್ತು ಕೊರಟಗೆರೆಯವರಿಗೆ ಸಿಕ್ಕಷ್ಟು ಎಲೆಅಡಿಕೆ ಯಾವ ಬೀಗರಿಗೂ ಸಿಕ್ಕಿರಲಾರದು. ಸಾಲಿನ ಕೊನೆಯಲ್ಲಿ ಎದುರುಬದುರಾದಾಗ ಇಬ್ಬರ ಕಣ್ಣೂ ಒದ್ದೆಯಾಗಿತ್ತು. ಸುಣ್ಣದ ಘಾಟು ಎಂದು ಇಬ್ಬರೂ ಹೇಳಿದರು.

ಆಮೇಲೆ ಹಲಗೆಬಂಡೆಯಲ್ಲಿ ಮೊದಲ ವೀಳ್ಯಕ್ಕೆ ಗತಿಯಿಲ್ಲದಾಯಿತು. ಯಾರ ಮುಂದೆ ಹಿಡಿದರೂ "ನಮಗ್ಯಾಕೆ, ನಾವು ಊರೋರು" ಎನ್ನುವವರೇ. ಕೊನೆಗೆ ಬಳೆ ಮಾರುವವನಿಗೋ, ಪಾತ್ರೆಗೆ ಕಲಾಯಿ ಹಾಕಲು ಶಿರಾದಿಂದ ಬರುವ ಸಾಹೇಬನಿಗೋ ಕೊಟ್ಟು, ಅವರು ಸಲಾಮು ಮಾಡಿ ಹಾಕಿಕೊಂಡ ಮೇಲೆ ಉಳಿದವರು ತಟ್ಟೆಗೆ ಕೈಹಾಕುತ್ತಿದ್ದರು. ಓಬಳಯ್ಯನ ಮನೆಗಂತೂ ಯಾರೇ ಬರಲಿ, ಹೆಸರು ಕೇಳುವ ಮುಂಚೆ ಎಲೆಅಡಿಕೆ ಬರುತ್ತಿತ್ತು. ಗಾಜಿಲ್ಲದ ಪಟ ನಡುಮನೆಯಲ್ಲೇ ತೂಗುತ್ತಿತ್ತು. ಬಂದವರನ್ನೆಲ್ಲ ಅದರ ಮುಂದೆ ನಿಲ್ಲಿಸಿ, ಬುಟ್ಟಿಯ ಮೇಲೆ ಬೆರಳಿಟ್ಟು, ಕೊಡುತ್ತಿರುವವನು ಯಾರು ಹೇಳಿ ಎಂದು ಕೇಳುವುದು ಅವನಿಗೆ ಚಟವಾಯಿತು. ಮೀಸೆ ನರೆಯಿತು. ಕುರಿಗಳನ್ನು ಒಮ್ಮೊಮ್ಮೆ ಅವನೂ ಕಾಯುತ್ತಿದ್ದ. ದೇಶಕ್ಕೆ ಸ್ವಾತಂತ್ರ್ಯ ಬರುವುದಕ್ಕೆ ಸ್ವಲ್ಪ ಮುಂಚೆ, ಒಂದು ಬೇಸಿಗೆಯಲ್ಲಿ ತೀರಿಕೊಂಡ. ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಮುಂದೆ ಇದ್ದವನು ಕದರಪ್ಪ.

ಅದಾದ ಕೆಲವು ತಿಂಗಳಿಗೆ ಹಳೆಯ ಪಟಗಳನ್ನು ಹುಡುಕಿಕೊಂಡು ಬೆಂಗಳೂರಿನಿಂದ ಒಬ್ಬ ಬಂದ. ಕೋಟು ತೊಟ್ಟು, ಟೋಪಿ ಹಾಕಿದ್ದ. ನಡುಮನೆಗೆ ಬಂದವನೇ ಗೋಡೆ ನೋಡಿ, "ಇಂಥ ಸ್ಥಳದಲ್ಲಿ ಇದನ್ನು ಕಂಡುಹಿಡಿದೆನಲ್ಲ!" ಎಂದು ಹಿಗ್ಗಿದ. ಹತ್ತಿರ ಹೋಗಿ ನೋಡಿದವನ ಮುಖ ಸಪ್ಪಗಾಯಿತು. ಓಬಳಯ್ಯನ ಬೆರಳು ತಾಗಿ ತಾಗಿ, ಆ ಇಬ್ಬರ ನಡುವೆ ಕಾಗದ ಸವೆದು ತೂತುಬಿದ್ದಿತ್ತು. ಗರಿ ಕಿರೀಟದವನ ಕೈ ಇತ್ತು, ಟೋಪಿಯವನ ಕೈ ಇತ್ತು, ನಡುವಿನದು ಹೋಗಿತ್ತು.

"ಛೆ! ಮುಖ್ಯವಾದ ಜಾಗವೇ ಹಾಳಾಗಿದೆಯಲ್ಲ ಅಜ್ಜಿ. ಇಲ್ಲಿ ಏನಿತ್ತು?" ಎಂದ.

ಜಯಕ್ಕ ಒಳಗೆ ಹೋಗಿ ತಟ್ಟೆ ತಂದಳು. "ಮೊದ್ಲು ತಗಳಪ್ಪ" ಎಂದಳು. ಅವನು ಕೈಚಾಚಿ ಎರಡು ಎಲೆ, ಒಂದು ಅಡಿಕೆ ಇಸಿದುಕೊಂಡ.

"ಇದೇ ಇತ್ತು ಅಲ್ಲಿ" ಎಂದಳು ಜಯಕ್ಕ. "ಹಾಕ್ಕಂಡು, ಬಿಸ್ಲು ಏರಾದ್ರೊಳ್ಗೆ ಹೊರಡು ಮಗ."